ವಾರಕ್ಕೊಂದೇ ಮೇಣದ್ಬತ್ತಿ

ನಾಲ್ಕು ಮೇಣದ್ಬತ್ತೀನೂ ಒಂದೇ ಸಲ ಹಚ್ಬಿಟ್ಟೆ. ನಾನ್ ಮಾಡಿದ್ ತಪ್ಪು ಅದೇ. ಸಾಯಂಕಾಲ ಆಗಿತ್ತು, ಕರೆಂಟ್ ಹೋಗಿತ್ತು, ಮೇಜಿನ ಮೇಲೆ ನಾಲ್ಕು ನಿಂತಿದ್ವು, ಬೆಂಕಿಪೊಟ್ಣ ಪಕ್ಕದಲ್ಲೇ ಇತ್ತು. ನಮ್ ಕಡೆ ದೀಪ ಅಂದ್ರೆ ಇರೋದನ್ನೆಲ್ಲ ಹಚ್ಚೋದು. ದೀಪಾವಳೀಲಿ ಸಾಲಾಗಿ ದೀಪ ಇಟ್ಟು, ಒಂದ್ ಹಚ್ಚಿ, ಮಿಕ್ಕಿದ್ದು ಮುಂದಿನ ವಾರ ಅಂತ ಯಾರಾದ್ರೂ ಬುಡ್ತಾರಾ?

ಅದು ಕುಣಿಗಲ್‌ನಲ್ಲಿ ನಮ್ಮತ್ತೆ ಮನೆ. ನಾನಿರೋದು ಗುಬ್ಬೀಲಿ. ಒಂದು ಕೊಬ್ಬರಿ ಮಂಡೀಲಿ ಕಾಯಿ ಸುಲಿಯೋ ಕೆಲ್ಸ. ಎಂಟ್ನೇ ಕ್ಲಾಸಿಗೆ ಸ್ಕೂಲ್ ಬುಟ್ಟೆ. ನಮ್ಮವ್ವ ಅಪ್ಪ ಇರೋದು ಊರ್ಡಿಗೆರೆ ಹತ್ರ, ರಾಗಿ ಹೊಲ, ಒಂದಷ್ಟು ತೆಂಗಿನ ಮರ. ನಾವು ಮಂಗಳಾರತಿ ತಗೊಳ್ಳೋ ಜನ. ನನ್ ಹೆಂಡ್ತಿ ಚರ್ಚಿಗೆ ಹೋಗೋ ಮನೆಯವ್ಳು. ತುಮ್ಕೂರಲ್ಲಿ ಗಾರ್ಮೆಂಟ್ಸಿಗೆ ಬರ್ತಿದ್ಲು, ಬಸ್ ಸ್ಟ್ಯಾಂಡಲ್ಲಿ ಪರಿಚಯ ಆಯ್ತು, ಮದ್ವೆ ಆದ್ವಿ. ಎರಡು ಮನೆಯವ್ರೂ ಒಂದಷ್ಟು ದಿನ ಮುಖ ಊದಿಸ್ಕೊಂಡಿದ್ರು, ಆಮೇಲೆ ಸರಿಹೋದ್ರು. ಅದನ್ನ ಹೇಳೋಕೆ ಕೂತಿಲ್ಲ ನಾನು. ಮಗು ವಿಷ್ಯ ಹೇಳೋಕೆ ಕೂತಿರೋದು.

ನಮಗೆ ಎರಡ್ ಸಲ ಮಗು ಹೋಗಿತ್ತು. ಮೊದಲ್ನೇದು ಮೂರ್ ತಿಂಗ್ಳಿಗೆ. ಎರಡ್ನೇದು ಆರ್ ತಿಂಗ್ಳಿಗೆ. ಗಂಡು. ಒಂದ್ ಟವಲ್ಲಲ್ಲಿ ಸುತ್ತಿ ಕೊಟ್ರು, ನಾನೇ ಎತ್ಕೊಂಡ್ ಹೋಗಿ ಮಣ್ ಮಾಡಿ ಬಂದೆ. ಆ ಸಲ ನಾನು ಐದ್ನೇ ತಿಂಗ್ಳಲ್ಲೇ ಮಂಡೀಲೆಲ್ಲ ಮೈಸೂರ್ ಪಾಕ್ ಹಂಚ್ಬಿಟ್ಟಿದ್ದೆ. ಆಮೇಲೆ ಒಬ್ಬೊಬ್ರೇ ಬಂದು ಏನಾಯ್ತು ಅಂತ ಕೇಳೋರು. ಒಬ್ಬೊಬ್ರಿಗೂ ಹೇಳ್ಬೇಕಿತ್ತು.

ಮೂರ್ನೇ ಸಲ ಮನೆಯವ್ರನ್ನ ಬುಟ್ರೆ ಯಾರ್ಗೂ ಹೇಳ್ಲಿಲ್ಲ. ಡಾಕ್ಟ್ರಮ್ಮ ಗರ್ಭದ ಬಾಯಿ ವೀಕಾಗಿದೆ, ಅದ್ಕೇ ಮಗು ನಿಲ್ತಿಲ್ಲ ಅಂತ ಹೇಳಿ ಹೊಲಿಗೆ ಹಾಕಿದ್ರು. ಬೆಡ್ ರೆಸ್ಟು, ಬಾತ್ರೂಮಿಗೆ ಮಾತ್ರ ಏಳ್ಬೇಕು ಅಂದ್ರು. ಗುಬ್ಬೀಲಿ ನಾನ್ ಬೆಳಿಗ್ಗೆ ಹೋದ್ರೆ ನೋಡ್ಕೊಳ್ಳೋರಿಲ್ಲ, ಅದ್ಕೆ ಕುಣಿಗಲ್‌ಗೆ ಅವ್ರವ್ವನ ಮನೆಗೆ ಬುಟ್ ಬಂದೆ. ನವೆಂಬರ್ ಕೊನೇಲಿ ತುಮ್ಕೂರಿಗೆ ಚೆಕಪ್ಪಿಗೆ ಹೋದಾಗ ಏಳ್ ತಿಂಗ್ಳು ನಡೀತಿತ್ತು. ಡಾಕ್ಟ್ರಮ್ಮ, "ಕ್ರಿಸ್‌ಮಸ್ ದಾಟಿಸ್ಬಿಡಿ. ಅದಾದ್ಮೇಲೆ ಹುಟ್ಟಿದ್ರೂ ನಾನ್ ಉಳಿಸ್ಕೋತೀನಿ" ಅಂದ್ರು. ಅವ್ರು ಕ್ಯಾಲೆಂಡರ್ ನೋಡಿ ಹೇಳಿದ್ದು ಅಷ್ಟೆ. ನಮ್ಮತ್ತೆ ಮಾತ್ರ ಬಾಡ್ಗೆ ಕಾರಲ್ಲಿ ಬರೋವರ್ಗೂ ಅದನ್ನೇ ಹೇಳ್ಕೊಂಡ್ ಬಂದ್ರು, ಕ್ರಿಸ್‌ಮಸ್ ದಾಟ್ಬೇಕಂತೆ, ಕ್ರಿಸ್‌ಮಸ್ ದಾಟ್ಬೇಕಂತೆ ಅಂತ.

ಆ ವಾರಾನೇ ಅವ್ರ ಆಗಮನ ಕಾಲ ಶುರುವಾಗಿದ್ದು. ಕ್ರಿಸ್‌ಮಸ್ಸಿಗೆ ಮುಂಚೆ ನಾಲ್ಕು ಭಾನುವಾರ ಬರುತ್ತಲ್ಲ, ಆ ದಿನಗಳಿಗೆ ಅಂಗಂತಾರೆ. ಬಾಲಯೇಸು ಬರೋದನ್ನ ಕಾಯೋದು. ಹಸಿರು ಸೊಪ್ಪಿನ ಒಂದು ಬಳೆ ಮಾಡಿ ಅದ್ರಲ್ಲಿ ನಾಲ್ಕು ಮೇಣದ್ಬತ್ತಿ ನಿಲ್ಲುಸ್ತಾರೆ. ಮೊದಲ್ನೇ ಭಾನುವಾರ ಒಂದು ಹಚ್ಬೇಕು, ಎರಡ್ನೇ ಭಾನುವಾರ ಎರಡು. ಮೂರು ಊದಾ ಬಣ್ಣ, ಒಂದು ಗುಲಾಬಿ. ಫಾರಿನ್ನಲ್ಲಿ ಯಾವ್ದೋ ಮರದ ಸೊಪ್ಪು ಹಾಕ್ತಾರಂತೆ. ನಮ್ಮತ್ತೆ ಹಾಕೋದು ತೆಂಗಿನ ಗರಿ. ಒಂದ್ ವಾರಕ್ಕೆ ಒಣಗೋಗುತ್ತೆ, ಪ್ರತಿ ಭಾನುವಾರ ಹೊಸದು ಕಟ್ಬೇಕು. ಗರಿ ತರೋ ಡ್ಯೂಟಿ ನಂದು.

ಇದ್ಯಾವ್ದೂ ನಂಗಾಗ ಗೊತ್ತಿರ್ಲಿಲ್ಲ. ಮೊದಲ್ನೇ ಭಾನುವಾರ ಗರಿ ತಂದ್ಕೊಟ್ಟೆ, ಅತ್ತೆ ಬಳೆ ಕಟ್ಟಿ ಮೇಜಿನ ಮೇಲಿಟ್ಟು ಮುಖ ತೊಳ್ಯೋಕೆ ಹೋದ್ರು. ಕರೆಂಟ್ ಹೋಯ್ತು. ನಾನು ನಾಲ್ಕೂ ಹಚ್ದೆ. ಒಳ್ಗಡೆ ರೂಮಿಂದ ಹೆಂಡ್ತಿ ಅದೇನ್ ಅಷ್ಟು ಬೆಳಕು ಅಂತ ಕೇಳಿದ್ಳು. ನಿಮ್ ಮೇಣದ್ಬತ್ತಿ ಎಲ್ಲಾನೂ ಹಚ್ಚಿದೀನಿ ಅಂತ ಖುಷೀಲಿ ಹೇಳ್ದೆ.

ಒಳ್ಗೆ ಹೋಗಿ ನೋಡಿದ್ರೆ ಅವ್ಳು ಹೊಟ್ಟೆ ಮೇಲೆ ಎರಡೂ ಕೈ ಇಟ್ಕೊಂಡು ಅಳ್ತಾವ್ಳೆ.

"ನಾಲ್ಕ್ ವಾರಾನೂ ಒಂದೇ ಸಲ ಉರಿಸ್ಬಿಟ್ಟಲ್ಲೋ," ಅಂದ್ಳು. "ಈಗ ಇದೂ ಬೇಗ ಬಂದ್ಬುಡುತ್ತೆ."

ಮೇಣಕ್ಕೂ ಮಗೂಗೂ ಏನ್ ಸಂಬಂಧ ಅಂತ ಬಾಯಿಗೆ ಬಂತು, ಅವ್ಳ ಮುಖ ನೋಡಿ ನುಂಗ್ಕೊಂಡೆ. ಎರಡ್ ಸಲ ಕಳ್ಕೊಂಡೋರ್ ಹತ್ರ ಅಂಗೆಲ್ಲ ವಾದ ಮಾಡೋಕಾಗಲ್ಲ. ಅಷ್ಟೊತ್ತಿಗೆ ಅತ್ತೆ ಬಂದ್ರು. ಬೈತಾರೆ ಅಂದ್ಕೊಂಡೆ. ಬೈಲಿಲ್ಲ. ಬೆರಳಿಗೆ ಎಂಜ್ಲು ಹಚ್ಕೊಂಡು ಮೂರು ಬತ್ತಿ ಪಟ್ ಪಟ್ ಅಂತ ಆರಿಸಿದ್ರು, ಒಂದು ಬುಟ್ರು. ಮಗಳ ಹತ್ರ ಹೋಗಿ ಅದೇನೋ ಮೆಲ್ಲಗೆ ಹೇಳಿದ್ರು. ನಂಗೆ ಇಷ್ಟೇ ಅಂದ್ರು: "ಕೂತ್ಕೋ ಬಾಪ್ಪ. ಹತ್ ನಿಮಿಷ ಸುಮ್ನೆ ಕೂರ್ಬೇಕು."

ಆ ಮನೇಲಿ ಆ ನಾಲ್ಕ್ ವಾರ ಅದೇ ಪದ್ಧತಿ. ದಿನಾ ಸಾಯಂಕಾಲ ಟೀವಿ ಆಫು, ಫೋನ್ ಆಫು, ಮೇಣದ್ಬತ್ತಿ ಹಚ್ಚಿ ಹತ್ ನಿಮಿಷ ಸುಮ್ನೆ ಕೂರೋದು. ಅತ್ತೆ ಒಂದು ಸಣ್ಣ ಜಪ ಹೇಳೋರು, ಆಮೇಲೆ ಅದೂ ಇಲ್ಲ. ಕೇಕಿಲ್ಲ, ಕಜ್ಜಾಯ ಇಲ್ಲ. ಕ್ರಿಸ್‌ಮಸ್ ಹಾಡು ಹಾಡಂಗಿಲ್ಲ. ಪಕ್ಕದ್ ಬೀದೀಲಿ ಆಗ್ಲೇ ಸ್ಟಾರ್ ನೇತಾಕಿ ಸೀರಿಯಲ್ ಸೆಟ್ ಬುಟ್ಟಿದ್ರು. ಅತ್ತೆ ಅದನ್ನ ನೋಡಿ, "ಹುಡ್ಗ ನೋಡೋಕ್ ಬರೋಕ್ ಮುಂಚೆ ಬೀಗ್ರೂಟ ಹಾಕಿದಂಗಾಯ್ತು" ಅನ್ನೋರು.

ನಂಗೆ ಹತ್ ನಿಮಿಷ ಅಂದ್ರೆ ಪ್ರಾಣ ಹೋದಂಗೆ. ಗುಬ್ಬಿಯಿಂದ ಹೋದ್ ದಿನ ಮಂಚದ್ ಕಾಲ್ಗಡೆ ಕೂತ್ರೆ ನನ್ ಮಂಡಿ ತಾನೇ ಕುಣಿಯೋಕ್ ಶುರು ಮಾಡೋದು. ಮಂಚಾನೂ ಅಲ್ಲಾಡೋದು. ಹೆಂಡ್ತಿ ಕಣ್ ಮುಚ್ಕೊಂಡೇ, "ಹೊಲಿಗೆ ಬಿಚ್ಚೋಗುತ್ತೆ, ಸುಮ್ನಿರೋ" ಅನ್ನೋಳು. ಅತ್ತೆ ನಗು ತಡ್ಕೊಂಡು ಮುಖ ಆ ಕಡೆ ತಿರುಗಿಸೋರು.

ಎರಡ್ನೇ ಭಾನುವಾರ ನಾನೇ ಹಚ್ಬೇಕು ಅಂತ ಹೆಂಡ್ತಿ ಹಟ ಮಾಡಿದ್ಳು. ನಾಲ್ಕೂ ಹಚ್ಚಿದ್ ಕೈಯೇ ಎರಡು ಹಚ್ಚಿ ನಿಲ್ಲಿಸ್ಲಿ ಅಂತ. ಹಚ್ದೆ. ಬತ್ತಿಗಳು ಹೊಸದ್ರಂಗೆ ಕಂಡ್ವು, ಯೋಚ್ನೆ ಮಾಡೋಕ್ ಹೋಗ್ಲಿಲ್ಲ.

ಅವತ್ತು ಊಟ ಮಾಡ್ತಾ ಅತ್ತೆಗೆ ನನ್ ಕೆಲ್ಸದ್ ವಿಷ್ಯ ಹೇಳ್ದೆ. ಕಾಯೋದು ನಮಗೂ ಗೊತ್ತು ಅಂತ ತೋರಿಸ್ಬೇಕಿತ್ತು. ಉಂಡೆ ಕೊಬ್ಬರಿ ಆಗ್ಬೇಕು ಅಂದ್ರೆ ಕಾಯಿನ ಸಿಪ್ಪೆ ಸಮೇತ ಅಟ್ಟದ್ ಮೇಲ್ ಹಾಕಿ ವರ್ಷ ಬುಡ್ಬೇಕು. ಒಳ್ಗಿನ ನೀರು ತಾನೇ ಇಂಗ್ಬೇಕು. ಕಿವಿ ಹತ್ರ ಇಟ್ಕೊಂಡು ಅಲ್ಲಾಡ್ಸಿದ್ರೆ ಒಳ್ಗೆ ಗಡಗಡ ಅಂತ ಉಂಡೆ ಉರುಳೋ ಸದ್ದು ಬರ್ಬೇಕು. ಆಗ್ಲೇ ಸುಲೀಬೇಕು. ಮುಂಚೆ ಒಡೆದ್ರೆ ಅತ್ಲಾಗೆ ಕಾಯೂ ಅಲ್ಲ, ಇತ್ಲಾಗೆ ಕೊಬ್ಬರೀನೂ ಅಲ್ಲ. ನಾನು ಹೊಸದ್ರಲ್ಲಿ ತಡೀಲಾರ್ದೆ ಎಂಟ್ ತಿಂಗ್ಳಿಗೇ ಹತ್ ಕಾಯಿ ಒಡ್ದು ಮಂಡಿಯೋರ ಹತ್ರ ಬೈಸ್ಕೊಂಡಿದ್ದೆ.

"ದಿನಾ ಅಟ್ಟ ಹತ್ತಿ ನೋಡ್ತೀರಾ?" ಅಂತ ಕೇಳಿದ್ರು ಅತ್ತೆ.

ಯಾಕ್ ನೋಡ್ಬೇಕು ಅಂದೆ. ಮರ್ತೇ ಹೋಗಿರ್ತೀವಿ.

"ಅದು ಕಾಯೋದಲ್ಲ ಕಣಪ್ಪ. ಬುಟ್ಟಿರೋದು." ಮುದ್ದೆ ಮುರೀತಾ ಹೇಳಿದ್ರು. "ಕಾಯೋದು ಅಂದ್ರೆ ಬರೋರ್ಗೆ ಜಾಗ ಮಾಡ್ಕೊಂಡು ಕೂರೋದು."

ನಂಗೆ ಆ ಮಾತು ಹಿಡಿಸ್ಲಿಲ್ಲ. ನಾವು ಒಕ್ಕಲು ಮಕ್ಳು, ನಮಗೆ ಕಾಯೋದನ್ನ ಹೇಳ್ಕೊಡ್ತಾರಲ್ಲ ಅಂತ ಸಿಟ್ಟು ಬಂತು. ಆದ್ರೆ ಅವ್ರು ಮಾಡೋದನ್ನ ನೋಡ್ದೆ. ವಾರಕ್ಕೊಂದು ಕಡೆ ಕ್ಲೀನ್ ಮಾಡೋರು. ಮೊದಲ್ನೇ ವಾರ ಅಡುಗೆ ಮನೆ, ಎರಡ್ನೇ ವಾರ ಬೀರು. ಬೀರು ಕೆಳ್ಗಿನ ಖಾನೆ ಖಾಲಿ ಮಾಡಿ, ಒರ್ಸಿ, ಪೇಪರ್ ಹಾಸಿ ಅಂಗೇ ಬುಟ್ಟಿದ್ರು. ಏನೂ ಇಟ್ಟಿರ್ಲಿಲ್ಲ. ಏನಿಡ್ತೀರ ಅಂತ ಕೇಳ್ಲಿಲ್ಲ ನಾನು. ಮಗೂಗೆ ಮುಂಚೇನೇ ಏನೂ ತರ್ಬಾರ್ದು ಅಂತ ನಮ್ಮವ್ವ ಬೇರೆ ಹೇಳಿತ್ತು. ಖಾಲಿ ಖಾನೆ ಒರ್ಸಿಡೋದಕ್ಕೆ ಯಾವ ದೇವ್ರೂ ಬೇಡ ಅನ್ನಲ್ವಲ್ಲ.

ಮೂರ್ನೇ ಭಾನುವಾರ ನಾನು ಮಧ್ಯಾಹ್ನಕ್ಕೇ ಹೊರಟೆ. ಗುಬ್ಬಿಯಿಂದ ತುಮ್ಕೂರು, ಅಲ್ಲಿಂದ ಹೆಬ್ಬೂರ್ ಮೇಲೆ ಕುಣಿಗಲ್. ಬೈಕ್ ಹಿಂದೆ ಗರಿ ಕಟ್ಟಿದ್ದೆ, ದಾರಿ ಉದ್ದಕ್ಕೂ ಪಟಪಟ ಅಂತಿತ್ತು. ಅವತ್ತು ಗುಲಾಬಿ ಬತ್ತಿ ಹಚ್ಚೋ ದಿನ. ಅರ್ಧ ದಾಟಿದ್ದಕ್ಕೆ ಸ್ವಲ್ಪ ಖುಷಿ ಪಡ್ಬೋದು ಅಂತ ಆ ಬಣ್ಣ ಅಂತೆ. ಮನೆ ಮುಂದೆ ಬೈಕ್ ನಿಲ್ಸೋಕಿಲ್ಲ, ಅತ್ತೆ ಬಾಗ್ಲಲ್ಲಿ ನಿಂತವ್ರೆ. ಆ ಹೆಂಗಸಿನ ಮುಖದಲ್ಲಿ ಯಾವತ್ತೂ ಭಯ ನೋಡಿರ್ಲಿಲ್ಲ ನಾನು.

ಹೊಟ್ಟೆ ನೋವು. ಬಿಟ್ಟು ಬಿಟ್ಟು ಬರ್ತಿದೆ. ಒಂದ್ ಗಂಟೆ ಹೊತ್ತಿಂದ.

ನಾನು ಬೈಕಲ್ಲೇ ಕೂರಿಸ್ಕೊಂಡ್ ಹೋಗ್ತೀನಿ ಅಂದೆ. ಅತ್ತೆ ಒಂದೇ ಸಲ ನೋಡಿದ್ರು, ಬಾಯ್ ಮುಚ್ಕೊಂಡೆ. ಎದುರು ಮನೆಯವ್ರ ಓಮ್ನಿ ಇತ್ತು, ಅವ್ರು ಊಟ ಬುಟ್ಟು ಎದ್ದು ಬಂದ್ರು. ಅವ್ಳನ್ನ ಹಿಂದಿನ ಸೀಟಲ್ಲಿ ಮಲಗಿಸಿ ತಲೆ ಅತ್ತೆ ತೊಡೆ ಮೇಲಿಟ್ವಿ. ನಾನು ಬೈಕಲ್ಲಿ ಮುಂದೆ. ಹಾರ್ನ್ ಮೇಲಿಂದ ಬೆರಳು ತೆಗೀಲಿಲ್ಲ. ಒಂದು ಮದ್ವೆ ಮೆರವಣಿಗೆ ಅಡ್ಡ ಬಂತು, ಬ್ಯಾಂಡಿನೋರಿಗೆ ಬೈದು ದಾರಿ ಬುಡಿಸ್ದೆ. ಬಾಯಿಗೆ ಬಂದಂಗೆ ಬೈದೆ. ಅವ್ರು ಓಮ್ನಿ ಒಳ್ಗೆ ನೋಡಿ ಸುಮ್ನಾದ್ರು, ಒಬ್ಬ ಡ್ರಮ್ ಕೆಳ್ಗಿಟ್ಟು ತಾನೇ ಟ್ರಾಫಿಕ್ ತಡ್ದ. ಅವ್ನ ಮುಖ ಇವತ್ತಿಗೂ ನೆನಪೈತೆ.

ತುಮ್ಕೂರ್ ಆಸ್ಪತ್ರೇಲಿ ಡಾಕ್ಟ್ರಮ್ಮ ನೋಡಿ, ಹೊಲಿಗೆ ಹಿಡ್ಕೊಂಡಿದೆ, ಆದ್ರೆ ನೋವು ನಿಲ್ಬೇಕು ಅಂದ್ರು. ನೋವು ನಿಲ್ಸೋಕೆ ಡ್ರಿಪ್ಪು, ಮಗು ಶ್ವಾಸಕೋಶಕ್ಕೆ ಇಂಜೆಕ್ಷನ್ನು. ಅದು ಕೆಲ್ಸ ಮಾಡೋಕೆ ಎರಡ್ ದಿನ ಬೇಕು. ಅಲ್ಲೀವರ್ಗೂ ಮಗು ಹೊರ್ಗ್ ಬರ್ಬಾರ್ದು. "ಈಗ ಕಾಯೋದೇ," ಅಂದ್ಬುಟ್ಟು ಹೋದ್ರು.

ಕಾರಿಡಾರಲ್ಲಿ ಸಿಮೆಂಟ್ ಬೆಂಚು. ನಾನೊಂದ್ ಕಡೆ, ಅತ್ತೆ ಒಂದ್ ಕಡೆ. ಕಿಟಕಿಯಿಂದ ಬಿಸ್ಲು ಇನ್ನೂ ಬೀಳ್ತಿತ್ತು. ನಂಗೆ ತಡೀಲಿಲ್ಲ. ಅವತ್ತು ನಾನು ನಾಲ್ಕೂ ಹಚ್ಚಿದ್ದಕ್ಕೇ ಇಂಗಾಯ್ತಾ ಅಂತ ಕೇಳ್ಬುಟ್ಟೆ. ಎರಡ್ ವಾರದಿಂದ ಎದೇಲಿ ಇಟ್ಕೊಂಡಿದ್ದೆ. ನಂಬಲ್ಲ ಅಂತಿದ್ದೋನು ನಾನೇ.

"ಮೇಣಕ್ಕೆ ಅಷ್ಟ್ ಶಕ್ತಿ ಇದ್ದಿದ್ರೆ ನಾನ್ಯಾಕಪ್ಪ ಇಷ್ಟ್ ವರ್ಷ ಮಂಡಿ ಸವೆಸ್ಕೊಂಡು ಜಪ ಮಾಡ್ತಿದ್ದೆ?" ಅಂದ್ರು. "ಅಂಗಡೀಲಿ ಒಂದ್ ಡಜನ್ ತಗೊಂಡ್ ಬಂದ್ರೆ ಆಗೋಗ್ತಿತ್ತು."

ನಗು ಬಂತು ನಂಗೆ, ಅಳೂನೂ ಬಂತು. ಅವ್ರು ಸೀರೆ ಸೆರಗು ಬೆರಳಿಗೆ ಸುತ್ಕೊಂಡ್ರು. ಆಮೇಲೆ ನನ್ ಮುಖ ನೋಡ್ದೆ ಹೇಳಿದ್ರು.

"ಸುಳ್ ಯಾಕ್ ಹೇಳ್ಲಿ. ನಂಗೂ ಭಯ ಆಗಿತ್ತು. ಸುಟ್ಟ ಬತ್ತಿ ಅವ್ಳ ಕಣ್ಣಿಗ್ ಬೀಳ್ಬಾರ್ದು ಅಂತ ಮಾರ್ನೇ ದಿನ ಮೂರೂ ಬೇರೆ ತಂದಿಟ್ಟೆ."

ನಾನು ಕ್ಯಾಂಟೀನಿಗೆ ಹೋಗಿ ಎರಡ್ ಟೀ ತಂದೆ. ಅವ್ರಿಗೆ ಶುಗರ್ ಐತೆ ಅಂತ ಮರ್ತು ಸಕ್ಕರೆ ಹಾಕಿಸ್ಕೊಂಡ್ ಬಂದಿದ್ದೆ. ಅಂಗೇ ಕುಡುದ್ರು.

ಮಾರ್ನೇ ದಿನ ಊರ್ಡಿಗೆರೆಯಿಂದ ನಮ್ಮವ್ವ ಬಂತು, ಮುದ್ದೆ ಬಸ್ಸಾರು ಕಟ್ಕೊಂಡು. ಬಂದೋಳೇ, "ಏನ್ಲಾ, ಮುಖಕ್ ನೀರೂ ಹಾಕಿಲ್ವಾ? ಹೆಣ ಕಾಯೋನಂಗೆ ಕೂತಿದೀಯ, ಏಳು ಮೇಲೆ" ಅಂತ ನಾಲ್ಕ್ ಜನದ್ ಮುಂದೆ ಉಗೀತು. ಗ್ರಾಮದೇವ್ರ ಕುಂಕುಮ ತಂದಿತ್ತು. ಸೊಸೆ ಹಣೆಗೆ ಇಡ್ಲಾ ಬೇಡ್ವಾ ಅಂತ ಬೀಗಿತ್ತಿ ಮುಖ ನೋಡ್ತು. ನಮ್ಮತ್ತೆ ಪಕ್ಕಕ್ ಸರಿದು ಜಾಗ ಬುಟ್ರು. ಅವ್ವ ಇಡ್ತು. ಅಷ್ಟೆ, ಯಾರೂ ಏನೂ ದೊಡ್ಡದು ಮಾಡ್ಲಿಲ್ಲ.

ಎರಡ್ ದಿನ ಕಳೀತು. ನೋವು ಕಡಿಮೆ ಆಯ್ತು. ಡಿಸ್ಚಾರ್ಜ್ ಮಾತ್ರ ಮಾಡ್ಲಿಲ್ಲ, ಕ್ರಿಸ್‌ಮಸ್‌ವರ್ಗೂ ಇಲ್ಲೇ ಇರ್ಲಿ ಅಂದ್ರು. ನಾನು ಬೆಳಿಗ್ಗೆ ಗುಬ್ಬೀಲಿ ಕಾಯಿ ಸುಲ್ದು ಸಾಯಂಕಾಲ ತುಮ್ಕೂರಿಗೆ ಬರ್ತಿದ್ದೆ. ಒಂದಿನ ಮಂಡಿಯೋರು ಯಾಕಲೇ ದಿನಾ ಬೇಗ ಓಡ್ತೀಯ ಅಂತ ಕೇಳಿದ್ರು. ಹೆಂಡ್ತಿಗೆ ಹುಷಾರಿಲ್ಲ ಅಂದೆ. ಹಳೇದು ನೆನಪಿತ್ತೇನೋ, ಮುಂದೆ ಕೇಳ್ಲಿಲ್ಲ. ನಾಲ್ಕ್ ಗಂಟೆ ಆಗ್ತಿದ್ದಂಗೆ ಅವ್ರೇ ಹೋಗಲೇ ಅನ್ನೋರು.

ನಾಲ್ಕ್ನೇ ಭಾನುವಾರ ವಾರ್ಡಲ್ಲೇ ಬಂತು. ಅತ್ತೆ ಕುಣಿಗಲ್‌ನಿಂದ ಬಳೆ, ಬತ್ತಿ ಎಲ್ಲ ಚೀಲದಲ್ಲಿ ತಂದಿದ್ರು. ನರ್ಸು ನೋಡಿ, ಆಕ್ಸಿಜನ್ ಇರೋ ಜಾಗ, ಬೆಂಕಿ ಹಚ್ಚಂಗೇ ಇಲ್ಲ ಅಂದ್ರು. ನಾನ್ ಜಗಳಕ್ಕೆ ಎದ್ದೆ. ನಾಲ್ಕ್ನೇದು ಹಚ್ಚಿದ್ರೆ ಮುಗೀತು, ದಾಟ್ದಂಗೆ, ಇದೊಂದ್ ಬುಟ್ರೆ ಎಂಗೆ ಅನ್ನೋದು ನನ್ ತಲೇಲಿ. ಟೆರೇಸಲ್ಲಾದ್ರೂ ಹಚ್ಚಿ ಬರ್ತೀನಿ ಅಂದೆ.

"ನೀನು ಟೆರೇಸಿಗ್ ಹೋದ್ರೆ ಇಲ್ಲಿ ಯಾರ್ ಕೂರ್ತಾರೆ?" ಅಂದ್ಳು ಹೆಂಡ್ತಿ.

ಕೂತ್ವಿ. ಹಚ್ದೇ ಇರೋ ನಾಲ್ಕ್ ಬತ್ತಿ ಸ್ಟೂಲ್ ಮೇಲೆ ಇಟ್ಟು ಸುತ್ತ ಕೂತ್ವಿ. ಪಕ್ಕದ್ ಬೆಡ್ಡಲ್ಲಿ ಒಬ್ರು ಸಾಬ್ರ ಹೆಂಗಸು, ಆ ಕಡೆ ಹುತ್ರಿದುರ್ಗದ ಕಡೆಯ ಒಂದು ಹುಡ್ಗಿ, ಅವ್ಳದು ಮೊದಲ್ನೇ ಬಸ್ರು. ಏನಿದು ಅಂತ ಕೇಳಿದ್ರು. ಮಗು ಬರೋವರ್ಗೂ ಕಾಯೋ ಪೂಜೆ ಅಂತ ನಮ್ಮವ್ವ ಹೇಳ್ಬುಡ್ತು, ಗೊತ್ತಿರೋರ್ ತರ. ಅಂಗಾದ್ರೆ ನಮ್ಗೂ ಇರ್ಲಿ ಅಂತ ಆ ಹುಡ್ಗಿ ಎದ್ದು ಕೂತ್ಕೊಂಡ್ಳು. ಸಾಬ್ರ ಹೆಂಗಸು ತಲೆ ಮೇಲೆ ದುಪಟ್ಟಾ ಎಳ್ಕೊಂಡ್ರು. ವಾರ್ಡ್ ಪೂರ್ತಿ ಹತ್ ನಿಮಿಷ ಸದ್ದಿಲ್ಲ. ಫ್ಯಾನ್ ಸದ್ದೊಂದೇ. ಮಧ್ಯ ಯಾರ್ದೋ ಫೋನ್ ಹೊಡ್ಕೊಂಡು ಎಲ್ರೂ ನಕ್ರು, ಮತ್ತೆ ಸುಮ್ನಾದ್ರು. ಹತ್ ನಿಮಿಷ ಆಗಿದ್ದು ನಂಗೆ ಗೊತ್ತಾಗ್ಲಿಲ್ಲ. ಅತ್ತೆ ಆಮೆನ್ ಅಂದಾಗ್ಲೇ ಗೊತ್ತಾಗಿದ್ದು.

ಕ್ರಿಸ್‌ಮಸ್ ದಿನ ಬೆಳಿಗ್ಗೆ ಅತ್ತೆ ಮೊದಲ್ನೇ ಪೂಜೆಗೆ ತುಮ್ಕೂರ್ ಚರ್ಚಿಗೆ ಹೋದ್ರು, ನಾನೂ ಹೋದೆ. ಅಲ್ಲಿ ಗೋದಲಿ ಕಟ್ಟಿದ್ರು, ಹುಲ್ಲಿನ ಕೊಟ್ಗೆ. ಅದ್ರಲ್ಲಿ ಬಾಲಯೇಸುನ ಮಲಗಿಸಿದ್ರು. ಹಿಂದಿನ ದಿನದವರ್ಗೂ ಆ ಜಾಗ ಖಾಲಿ ಇತ್ತಂತೆ. ಜನ ಒಬ್ಬೊಬ್ರೇ ಹೋಗಿ ಪಾದ ಮುಟ್ಟಿ ಬರ್ತಿದ್ರು. ಅತ್ತೆ ತುಂಬಾ ಹೊತ್ತು ನಿಂತಿದ್ರು. ನಾನು ಮೊದಲ್ನೇ ಸಲ ಆತುರ ಪಡಿಸ್ಲಿಲ್ಲ.

ಅಲ್ಲಿಂದ ವಾರ್ಡಿಗೆ ಬಂದ್ರೆ ಡಾಕ್ಟ್ರಮ್ಮ ರೌಂಡ್ಸಲ್ಲಿದ್ರು. ಹೊಟ್ಟೆ ಮೇಲೆ ಮಿಷಿನ್ ಇಟ್ರು. ಎದೆಬಡಿತ ಕುದ್ರೆ ಓಡ್ದಂಗೆ ಕೇಳ್ತು. ಎಷ್ಟೋ ಸಾವಿರ ಕಾಯಿ ಕಿವಿ ಹತ್ರ ಅಲ್ಲಾಡ್ಸಿದೀನಿ ನಾನು, ಇಂಥ ಸದ್ದು ಕೇಳಿರ್ಲಿಲ್ಲ. ಡಾಕ್ಟ್ರಮ್ಮ ಪೇಪರ್ ನೋಡಿ, "ಏನೂ ಆಗ್ತಿಲ್ಲ. ಮನೆಗೆ ಹೋಗಿ" ಅಂದ್ರು.

ಏನೂ ಆಗ್ತಿಲ್ಲ. ಆ ಮಾತಿಗೆ ನಮ್ಮತ್ತೆ ಕುರ್ಚಿ ಮೇಲೆ ಕುಸ್ದು ಕೂತು ಜೋರಾಗಿ ಅತ್ಬಿಟ್ರು. ನಮ್ಮವ್ವ ಬೆನ್ ಸವರ್ತಾ, ಬುಡಿ ಬೀಗಿತ್ತಿ, ಹಬ್ಬದ್ ದಿನ ಅಳ್ಬಾರ್ದು ಅಂತು. ಯಾರೋ ಕೇಕ್ ತಂದಿದ್ರು. ಹುತ್ರಿದುರ್ಗದ್ ಹುಡ್ಗಿ ಎರಡ್ ಪೀಸ್ ತಿಂದ್ಳು. ಅತ್ತೆ ನಾಲ್ಕ್ ವಾರ ಆದ್ಮೇಲೆ ಕೇಕ್ ಬಾಯಿಗಿಟ್ರು, ಶುಗರ್ ಅಂತ ನಾವ್ಯಾರೂ ನೆನಪಿಸ್ಲಿಲ್ಲ.

ಹಬ್ಬ ಅವ್ರಿಗೆ ಬಂತು, ನಮಗೆ ಇನ್ನೂ ಬಂದಿರ್ಲಿಲ್ಲ. ಎಲ್ಲಾರ್ ಮನೆ ಸ್ಟಾರ್ ಇಳಿಸಿದ್ಮೇಲೂ ಕುಣಿಗಲ್ ಮನೇಲಿ ಸಾಯಂಕಾಲ ಹತ್ ನಿಮಿಷ ಕೂರೋದು ನಿಲ್ಲಿಲ್ಲ. ಚರ್ಚ್ ಲೆಕ್ಕದಲ್ಲಿ ಅದು ತಪ್ಪೋ ಸರೀನೋ ಗೊತ್ತಿಲ್ಲ. ಫಾದರ್‌ನ ಕೇಳೋಕೆ ಅತ್ತೆ ಹೋಗ್ಲಿಲ್ಲ. ಸಂಕ್ರಾಂತಿ ಬಂತು, ಎಳ್ಳು ಬೆಲ್ಲ ತಿಂದ್ವಿ. ಆಮೇಲೆ ಒಂಬತ್ನೇ ತಿಂಗ್ಳಲ್ಲಿ ಹೊಲಿಗೆ ಬಿಚ್ಚೋ ದಿನ ಬಂತು. ಬಿಚ್ಚಿದ ಮಾರ್ನೇ ದಿನ ಬೆಳಿಗ್ಗೆ, ನಾನು ಮಂಡೀಲಿ ಕಾಯಿ ಸುಲೀತಿರೋವಾಗ ಫೋನ್ ಬಂತು. ಬೈಕ್ ಹತ್ತಿ ತುಮ್ಕೂರ್ ಮುಟ್ಟೋಷ್ಟ್ರಲ್ಲಿ ಹುಟ್ಟಾಗಿತ್ತು.

ಹೆಣ್ಣು. ಚೆನ್ನಾಗೈತೆ ಅಂದ್ರು. ಹೆಂಡ್ತಿ ಸುಸ್ತಾಗಿ ಕಣ್ ಮುಚ್ಕೊಂಡಿದ್ಳು, ನನ್ ಕೈ ಮಾತ್ರ ಬುಡ್ಲಿಲ್ಲ. ಮಗೂನ ಪಕ್ಕದಲ್ಲಿ ಮಲಗಿಸಿದ್ರು. ಮುಖ ಪೂರ್ತಿ ಮುಷ್ಟಿಯಷ್ಟು. ಅದೂ ನಿದ್ದೆ ಮಾಡ್ತಿತ್ತು. ಒಂದ್ ಸಲ ಕಣ್ ಬುಟ್ರೆ ನೋಡೋಣ ಅಂತ ಕೆನ್ನೆ ಮುಟ್ಟೋಕೆ ಬೆರಳು ಚಾಚ್ದೆ. ಎಬ್ಬಿಸ್ಬೇಡಪ್ಪ, ಅದೇ ಏಳುತ್ತೆ ಅಂದ್ರು ನರ್ಸು. ಎಷ್ಟೊತ್ತಾಗುತ್ತೆ ಅಂತ ಕೇಳ್ದೆ. ಅದ್ಯಾರಿಗ್ ಗೊತ್ತು ಅಂದ್ರು.

ಸ್ಟೂಲ್ ಎಳ್ಕೊಂಡು ಕೂತೆ.